ಓದಬಲ್ಲವರ ಹೆಬ್ಬೆಟ್ಟು

ತಿಂಗಳ ಹಿಂದೆ ಒಂದು ಭಾನುವಾರ ರಾತ್ರಿ, ಶಿವಾಜಿನಗರದ ಕಡೆಯ ಒಂದು ಹೋಟೆಲಿನಲ್ಲಿ ಕೊನೆಯ ಗಿರಾಕಿಯು ಎದ್ದುಹೋಗಿ, ಕುರ್ಚಿಗಳನ್ನೆಲ್ಲ ಮೇಜುಗಳ ಮೇಲೆ ಬೋರಲು ಹಾಕಿದ ಬಳಿಕ, ನಾವು ನಾಲ್ಕಾರು ಮಂದಿ ಕನ್ನಡಿಗರು ಮಾತಿಗೆ ಕುಳಿತಿದ್ದೆವು. ಊರಿನ ಮಳೆ, ಮನೆಯ ಸಮಾಚಾರ, ಇಲ್ಲಿಯ ಬಾಡಿಗೆ, ಇವೇ ನಮ್ಮ ಎಂದಿನ ವಿಷಯಗಳು. ಆ ರಾತ್ರಿ ಕುಂದಾಪುರದ ಕಡೆಯ ಒಬ್ಬ ತರುಣನು, ಅಲ್ಲಿಯೇ ಸಪ್ಲೈಯರ್ ಕೆಲಸ ಮಾಡುವವನು, ಮುಂದಿಟ್ಟ ಚಹವನ್ನು ಮುಟ್ಟದೆ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದನು. ಎರಡು ಮೂರು ಸಲ ಕೇಳಿದ ಮೇಲೆ ಅವನು ಹೇಳಿದ ಸಂಗತಿಯಿದು.

ತನ್ನ ಹಳೆಯ ಸೈಕಲನ್ನು ಮಾರುವುದಕ್ಕೆಂದು ಅವನು ಅಂತರ್ಜಾಲದಲ್ಲಿ ಒಂದು ಜಾಹೀರಾತು ಕೊಟ್ಟಿದ್ದನು. ಗಳಿಗೆಯೊಳಗಾಗಿ ಒಬ್ಬನು ಫೋನು ಮಾಡಿ, ಚೌಕಾಶಿಯೇ ಇಲ್ಲದೆ ನಾಲ್ಕು ಸಾವಿರ ರೂಪಾಯಿಗೆ ಒಪ್ಪಿಕೊಂಡನು. “ಒಂದು ಚೌಕದ ಚಿತ್ರವನ್ನು ಕಳಿಸಿರುವೆನು, ಅದನ್ನು ಸ್ಕ್ಯಾನ್ ಮಾಡಿ ನಿನ್ನ ಪಿನ್ ಒತ್ತು, ಹಣವು ನಿನ್ನ ಖಾತೆಗೆ ಬಂದು ಬೀಳುವುದು” ಎಂದನು. ಇವನು ಒತ್ತಿದನು. ಹಣವು ಬರುವುದಕ್ಕೆ ಬದಲಾಗಿ ಹೋಯಿತು. “ಏನೋ ತಪ್ಪಾಯಿತು, ಇನ್ನೊಮ್ಮೆ ಒತ್ತು, ಎರಡೂ ಸೇರಿ ಹಿಂದಕ್ಕೆ ಬರುವುವು” ಎಂದಿತು ಆ ಕಡೆಯ ದನಿ. ಇವನು ಮತ್ತೆ ಒತ್ತಿದನು. ಹೀಗೆ ಎಂಟು ಸಾವಿರ ರೂಪಾಯಿ ಐದು ನಿಮಿಷಗಳಲ್ಲಿ ಮಾಯವಾಯಿತು. ತಾಯಿಯ ಔಷಧಕ್ಕೂ ತಂಗಿಯ ಶಾಲೆಯ ಶುಲ್ಕಕ್ಕೂ ಆ ವಾರ ಊರಿಗೆ ಹೋಗಬೇಕಾಗಿದ್ದ ದುಡ್ಡದು.

ದುಡ್ಡು ಹೋದುದಕ್ಕಿಂತ ಅವನನ್ನು ಹೆಚ್ಚಾಗಿ ಕೊರೆಯುತ್ತಿದ್ದುದು ಬೇರೊಂದು. “ನಾನು ಹತ್ತನೆಯ ತರಗತಿ ಪಾಸಾದವನು. ಓದಲು ಬಾರದೆ ಮೋಸಹೋದವನಲ್ಲ. ಪರದೆಯ ಮೇಲೆ ‘ಪಾವತಿ’ ಎಂದು ಬರೆದೇ ಇತ್ತು. ನಾನು ಓದಲಿಲ್ಲ” ಎಂದನು. ಆ ಮಾತು ನಮ್ಮನ್ನು ಅಂದಿನಿಂದ ಬಿಟ್ಟಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ರಾತ್ರಿಶಾಲೆಯ ಮೊದಲ ಪಾಠ

ನಮ್ಮ ಹಿರಿಯರು ದಕ್ಷಿಣ ಕನ್ನಡದಿಂದಲೂ ಇತರ ಕಡೆಗಳಿಂದಲೂ ಮುಂಬಯಿ ಪುಣೆಗಳಿಗೆ ಬಂದ ಕಾಲದಲ್ಲಿ, ಹೋಟೆಲಿಗೆ ಸೇರಿದ ಹುಡುಗರಲ್ಲಿ ಅಕ್ಷರ ಬಲ್ಲವರು ವಿರಳವಾಗಿದ್ದರು. ಲೋಟ ತೊಳೆಯುವ ಹುಡುಗನಿಗೆ ಊರಿಂದ ಕಾಗದ ಬಂದರೆ ಗಲ್ಲೆಯ ಮೇಲಿನ ಗುಮಾಸ್ತರು ಓದಿ ಹೇಳಬೇಕು; ಮನಿಯಾರ್ಡರಿನ ಫಾರಮನ್ನು ಅವರೇ ತುಂಬಬೇಕು; ಅದರ ಕೆಳಗಿನ ಚೀಟಿಯಲ್ಲಿ ‘ಕ್ಷೇಮ’ ಎಂಬ ಎರಡಕ್ಷರವನ್ನೂ ಅವರೇ ಬರೆಯಬೇಕು. ಹುಡುಗನ ಪಾಲಿಗೆ ಉಳಿಯುತ್ತಿದ್ದುದು ಹೆಬ್ಬೆಟ್ಟು ಒತ್ತುವ ಕೆಲಸ ಮಾತ್ರ. ಕಾಗದದಲ್ಲಿ ಏನಿದೆಯೋ ಬಲ್ಲವರೇ ಬಲ್ಲರು. ಸಾಲದ ಪತ್ರವೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಗದ್ದೆ ಕಳೆದುಕೊಂಡವರ ಕಥೆಗಳು ನಮ್ಮ ಎಲ್ಲ ಊರುಗಳಲ್ಲಿಯೂ ಉಂಟು.

ಈ ದುಃಸ್ಥಿತಿಯನ್ನು ಕಂಡೇ ಮುಂಬಯಿಯಲ್ಲಿ ಕನ್ನಡಿಗರು ರಾತ್ರಿಶಾಲೆಗಳನ್ನು ತೆರೆದರು. ಹಗಲೆಲ್ಲ ದುಡಿದ ಹುಡುಗರು ಅಲ್ಲಿ ತೂಕಡಿಸುತ್ತಲೇ ಅಕ್ಷರ ತಿದ್ದಿದರು. ಆ ಶಾಲೆಗಳು ಕಲಿಸಿದ್ದು ಬರಿಯ ವರ್ಣಮಾಲೆಯನ್ನಲ್ಲ. ಓದದೆ ಸಹಿ ಹಾಕಬೇಡ ಎಂಬ ವಿವೇಕವನ್ನು. ಹೆಬ್ಬೆಟ್ಟಿನಿಂದ ಸಹಿಗೆ ಬಂದದ್ದು ನಮ್ಮ ಸಮಾಜಕ್ಕೆ ಚಿಕ್ಕ ಪ್ರಯಾಣವಲ್ಲ.

ಈಗ ನೋಡಿದರೆ, ಆ ಹೆಬ್ಬೆಟ್ಟು ಮರಳಿ ಬಂದಿದೆ. ಕೈಯಲ್ಲಿ ಹಿಡಿದ ಫೋನನ್ನು ನಾವು ನಡೆಸುವುದು ಅದರಿಂದಲೇ. ‘ಸಮ್ಮತಿಸುವೆನು’ ಎಂಬಲ್ಲಿ ಒತ್ತುವುದು ಅದೇ, ‘ಅನುಮತಿಸು’ ಎಂಬಲ್ಲಿ ಒತ್ತುವುದು ಅದೇ. 2025ರ ಅಕ್ಟೋಬರಿನಿಂದ, ಪಿನ್ನಿಗೆ ಬದಲಾಗಿ ಬೆರಳಚ್ಚಿನಿಂದಲೇ ಯುಪಿಐ ಪಾವತಿ ಮಾಡುವ ಏರ್ಪಾಡೂ ಬಂದಿದೆ. ವ್ಯತ್ಯಾಸವಿಷ್ಟೆ: ಅಂದು ಒತ್ತಿದವನಿಗೆ ಓದು ಬಾರದು, ಇಂದು ಒತ್ತುವವನಿಗೆ ಬರುತ್ತದೆ. ಬಂದೂ ಓದುವುದಿಲ್ಲ. ಈ ಎರಡರಲ್ಲಿ ಹೆಚ್ಚು ಶೋಚನೀಯವಾದುದು ಯಾವುದೆಂದು ವಾಚಕರೇ ನಿರ್ಣಯಿಸಲಿ.

ನಮ್ಮ ಲೆಕ್ಕವನ್ನು ನಾವೇ ಬರೆದೆವು

ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಮನೆಯ ಲೆಕ್ಕವನ್ನು ನೋಡಬೇಕಷ್ಟೆ. ಆ ಭಾನುವಾರದ ಮರುದಿನದಿಂದ ಒಂದು ವಾರ ನಮ್ಮ ಫೋನಿನ ಬಳಕೆಯನ್ನು ಚಿಕ್ಕ ಪುಸ್ತಕವೊಂದರಲ್ಲಿ ಗುರುತಿಸಿಟ್ಟೆವು. ಬಂದ ಫಲವು ಹೆಮ್ಮೆಪಡುವಂಥದಲ್ಲ.

ಆ ವಾರ ಇತರರಿಗೆ ಮುಂದೂಡಿದ ಸಂದೇಶಗಳು ಹದಿನೇಳು. ಅವುಗಳಲ್ಲಿ ಕೊನೆಯ ತನಕ ನಾವು ಓದಿದ್ದವು ಐದು. ಬ್ಯಾಂಕಿಗೂ ಮಿಂಚಂಚೆಗೂ ರೈಲಿನ ಟಿಕೇಟಿಗೂ ನಾವು ಇಟ್ಟಿದ್ದುದು ಒಂದೇ ಪಾಸ್‌ವರ್ಡ್. ಅಂದರೆ ಮನೆಗೂ ಪೆಟ್ಟಿಗೆಗೂ ಕಪಾಟಿಗೂ ಒಂದೇ ಕೀಲಿಕೈ. ದೀಪ ಬೆಳಗುವ ಒಂದು ಕ್ಷುಲ್ಲಕ ಆ್ಯಪು ನಮ್ಮ ಪರಿಚಯಸ್ಥರೆಲ್ಲರ ಫೋನು ನಂಬರುಗಳನ್ನು ನೋಡಲು ಅಪ್ಪಣೆ ಕೇಳಿದಾಗ, ದೀಪಕ್ಕೂ ಪರಿಚಯಸ್ಥರಿಗೂ ಏನು ಸಂಬಂಧವೆಂದು ಯೋಚಿಸದೆ ನಾವು ಅಪ್ಪಣೆ ಕೊಟ್ಟಿದ್ದೆವು. ರಾತ್ರಿ ಹನ್ನೊಂದಕ್ಕೆ ‘ಹತ್ತು ನಿಮಿಷ’ ಎಂದು ಹಿಡಿದ ಫೋನನ್ನು ಮೂರು ರಾತ್ರಿ ಹನ್ನೆರಡೂವರೆಗೆ ಇಟ್ಟೆವು. ಬೆಳಗಿನ ಐದಕ್ಕೆ ಒಲೆ ಹೊತ್ತಿಸಬೇಕಾದ ನಮ್ಮ ಹೋಟೆಲಿನ ಬಂಧುಗಳು ಇದೇ ತಪ್ಪನ್ನು ಮಾಡಿದರೆ ಅದರ ದಂಡವನ್ನು ಅವರ ಶರೀರವೇ ತೆರಬೇಕಾಗುವುದು.

ಇನ್ನೂ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಫೋನಿಗೊಂದು ಸಂದೇಶ ಬಂದಿತು: ‘ಕಳೆದ ತಿಂಗಳ ಬಿಲ್ಲು ದಾಖಲಾಗಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ವಿದ್ಯುತ್ತನ್ನು ಕಡಿಯಲಾಗುವುದು, ಈ ನಂಬರಿಗೆ ಕರೆಮಾಡಿರಿ’. ನಾವು ಗಾಬರಿಯಿಂದ ಕರೆಮಾಡಿದೆವು. ಆ ಕಡೆಯವನು ಅತ್ಯಂತ ವಿನಯದಿಂದ, ಒಂದು ಆ್ಯಪನ್ನು ಇಳಿಸಿಕೊಳ್ಳಿರೆಂದು ಹೇಳಿದನು. ನಾವು ಇಳಿಸಿಕೊಳ್ಳುತ್ತಲೂ ಇದ್ದೆವು. ಅಷ್ಟರಲ್ಲಿ ನಮ್ಮ ಮನೆಯವರು, “ಬಿಲ್ಲು ಕಟ್ಟಿದ ರಸೀದಿ ಇಲ್ಲೇ ಇದೆಯಲ್ಲ?” ಎಂದು ಕೇಳಿದರು. ನಾವು ಫೋನನ್ನು ಕೆಳಗಿಟ್ಟೆವು. ಆ ಆ್ಯಪು ನಮ್ಮ ಪರದೆಯ ಮೇಲೆ ಮೂಡುವುದನ್ನೆಲ್ಲ ದೂರದಲ್ಲಿದ್ದವನಿಗೆ ತೋರಿಸುವಂಥದೆಂದೂ, ಬ್ಯಾಂಕಿನಿಂದ ಬರುವ ಒಟಿಪಿಯೂ ಅವನಿಗೆ ಕಾಣುತ್ತಿತ್ತೆಂದೂ ನಮಗೆ ಆಮೇಲೆ ತಿಳಿಯಿತು. ಪದವಿ ಪಡೆದ ನಮ್ಮನ್ನು ಉಳಿಸಿದ್ದು ಪದವಿಯಲ್ಲ, ಮನೆಯವರ ಒಂದು ಪ್ರಶ್ನೆ. ಆದುದರಿಂದ ಆ ಕುಂದಾಪುರದ ತರುಣನನ್ನು ನೋಡಿ ನಗುವ ಅಧಿಕಾರ ನಮಗಿಲ್ಲ.

ಪಿನ್ ಎಂದರೆ ಚೆಕ್ಕಿನ ಸಹಿ

ಯುಪಿಐ ಎಂಬ ಏರ್ಪಾಡು ಆರಂಭವಾದದ್ದು 2016ರ ಏಪ್ರಿಲಿನಲ್ಲಿ. ಅದೇ ವರ್ಷ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದುವು. ಡಿಸೆಂಬರ್ 30ರಂದು ಭೀಮ್ ಆ್ಯಪು ಹೊರಬಂದಿತು. ಇಂದು ಪುಣೆಯಲ್ಲಿ ನಿಂಬೆಹಣ್ಣು ಮಾರುವವಳ ಬುಟ್ಟಿಯಲ್ಲಿಯೂ ಆ ಕಪ್ಪುಬಿಳುಪಿನ ಚೌಕ ಕಾಣುತ್ತದೆ. ಅಂಚೆಯ ಮನಿಯಾರ್ಡರಿಗಾಗಿ ಮನೆಯವರು ದಿನಗಟ್ಟಲೆ ಕಾಯುತ್ತಿದ್ದ ಕಾಲವನ್ನು ಕಂಡವರಿಗೆ, ಸ್ವಾರಗೇಟಿನಲ್ಲಿ ನಿಂತು ಒತ್ತಿದ ಹಣವು ಅರೆಗಳಿಗೆಯಲ್ಲಿ ಬೈಂದೂರಿನ ತಾಯಿಯ ಖಾತೆಯನ್ನು ಸೇರುವುದು ಪವಾಡವೇ ಸರಿ. ಈ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಅದರ ಮರ್ಮವನ್ನು ತಿಳಿದಿರಬೇಕು. ಗುಮಾಸ್ತಿಕೆಯಲ್ಲಿರುವ ನಮ್ಮ ವಾಚಕರಿಗೆ ಚೆಕ್ಕಿನ ಉಪಮೆಯು ಸುಲಭವಾದೀತು. ಆ ಚೌಕದ ಚಿತ್ರವೆಂಬುದು ಹಣ ಪಡೆಯುವವನ ಹೆಸರು. ಚೆಕ್ಕಿನ ಮೇಲೆ ‘ಇಂಥವರಿಗೆ’ ಎಂದು ಬರೆದ ಹಾಗೆ. ಪಿನ್ ಎಂಬುದು ಚೆಕ್ಕಿನ ಮೇಲಿನ ಸಹಿ. ಚೆಕ್ಕು ಪಡೆಯುವವನು ಎಂದಾದರೂ ಅದರ ಮೇಲೆ ಕೊಡುವವನ ಸಹಿ ಹಾಕುವುದುಂಟೇ? ಹಾಗೆಯೇ ಹಣವನ್ನು ಪಡೆಯುವುದಕ್ಕೆ ಪಿನ್ ಎಂದೂ ಬೇಡ. ಕೊಡುವುದಕ್ಕೆ ಮಾತ್ರ ಬೇಕು. ‘ಹಣ ಬರುವುದು, ಪಿನ್ ಒತ್ತು’ ಎಂದು ಯಾರೇ ಹೇಳಲಿ, ಆ ಒಂದು ವಾಕ್ಯದಲ್ಲಿಯೇ ಅವನು ಕಳ್ಳನೆಂದು ಸಿದ್ಧವಾಯಿತು. ಬೇರೆ ಸಾಕ್ಷಿ ಬೇಕಿಲ್ಲ. ಇತರರಿಗೆ ಹಣದ ಬೇಡಿಕೆಯನ್ನು ಕಳಿಸುವ ಸೌಕರ್ಯವನ್ನು ಕಳ್ಳರು ಬಹಳವಾಗಿ ದುರುಪಯೋಗಪಡಿಸಿಕೊಂಡುದರಿಂದ, ವ್ಯಕ್ತಿವ್ಯಕ್ತಿಗಳ ನಡುವೆ ಅದನ್ನು 2025ರ ಅಕ್ಟೋಬರಿನಿಂದ ನಿಲ್ಲಿಸಲಾಯಿತು. ಒಂದು ಬಾಗಿಲು ಮುಚ್ಚಿದರೂ ಚೌಕದ ಚಿತ್ರದ ಬಾಗಿಲು ತೆರೆದೇ ಇದೆ.

ಬ್ಯಾಂಕುಗಳೇ ಸುರಕ್ಷಿತವಲ್ಲದಾಗ ನಮ್ಮ ಜಾಗರೂಕತೆಯಿಂದೇನು ಫಲ ಎಂದು ಕೇಳುವವರುಂಟು. ಪುಣೆಯವರಾದ ನಮಗೆ 2018ರ ಆಗಸ್ಟ್ ತಿಂಗಳು ಮರೆಯುವಂತಿಲ್ಲ. ಆ ತಿಂಗಳ 11 ಮತ್ತು 13ರಂದು ಈ ಊರಿನ ಹಳೆಯ ಕಾಸ್ಮೋಸ್ ಬ್ಯಾಂಕಿನ ಗಣಕವ್ಯವಸ್ಥೆಗೆ ನುಗ್ಗಿದ ಕಳ್ಳರು, 28 ದೇಶಗಳ ಎಟಿಎಂ ಯಂತ್ರಗಳಿಂದಲೂ ಹಾಂಗ್‌ಕಾಂಗಿನ ಖಾತೆಯೊಂದರ ಮೂಲಕವೂ ಸುಮಾರು 94 ಕೋಟಿ ರೂಪಾಯಿಗಳನ್ನು ಎಳೆದುಕೊಂಡರು. ಆದರೆ ಗಮನಿಸಬೇಕಾದ ಅಂಶವೊಂದಿದೆ. ಠೇವಣಿದಾರರ ಖಾತೆಗಳಿಗೆ ಹಾನಿಯಿಲ್ಲವೆಂದು ಬ್ಯಾಂಕು ಆಗಲೇ ಸಾರಿತು. ಬ್ಯಾಂಕಿನ ಬೀಗ ಮುರಿದರೆ ಹೊಣೆ ಬ್ಯಾಂಕಿನದು. ನಮ್ಮ ಕೀಲಿಕೈಯನ್ನು ನಾವೇ ಕೊಟ್ಟರೆ ಹೊಣೆ ಯಾರದು?

ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಬೇರೆಡೆಯದಾಗಿದ್ದು, ಗ್ರಾಹಕನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ, ಅವನು ನಷ್ಟವನ್ನು ಹೊರಬೇಕಾಗಿಲ್ಲ. ಗುಟ್ಟನ್ನು ತಾನೇ ಬಿಟ್ಟುಕೊಟ್ಟು ನಷ್ಟಮಾಡಿಕೊಂಡರೆ, ಬ್ಯಾಂಕಿಗೆ ತಿಳಿಸುವ ತನಕ ಹೋದ ಹಣವೆಲ್ಲ ಅವನದೇ ನಷ್ಟ. ತಿಳಿಸಿದ ಮೇಲೆ ಹೋದರೆ ಮಾತ್ರ ಅದು ಬ್ಯಾಂಕಿನದು. ಅಂದರೆ ಓದದೆ ಒತ್ತಿದ ಹೆಬ್ಬೆಟ್ಟಿಗೂ, ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಗಂಟೆಗಳಿಗೂ, ಎರಡಕ್ಕೂ ಬೆಲೆಯುಂಟು.

ಹಣಕ್ಕಿಂತ ದೊಡ್ಡ ನಷ್ಟ

ಹಣವು ಹೋದರೆ ಮತ್ತೆ ದುಡಿಯಬಹುದು. ಓದದೆ ಒತ್ತುವ ಚಟದಿಂದ ಪ್ರಾಣಗಳೇ ಹೋದುದನ್ನು ನಾವು ಕಂಡಿದ್ದೇವೆ.

2018ರಲ್ಲಿ ಮಕ್ಕಳನ್ನು ಕದಿಯುವವರು ಊರೂರು ಸುತ್ತುತ್ತಿದ್ದಾರೆಂಬ ವದಂತಿಯು ವಾಟ್ಸ್ಆ್ಯಪಿನ ಮೂಲಕ ದೇಶದ ಹಲವೆಡೆ ಹರಡಿತು. ಜುಲೈ 1ರಂದು ನಮ್ಮ ಈ ರಾಜ್ಯದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ, ಸೊಲ್ಲಾಪುರ ಜಿಲ್ಲೆಯ ಮಂಗಳವೇಡೆಯ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದಿದ್ದ ಅಲೆಮಾರಿ ಸಮುದಾಯದ ಐವರನ್ನು ಜನರು ಹೊಡೆದು ಕೊಂದರು. ಎರಡು ವಾರ ಕಳೆಯುವ ಮೊದಲೇ, ಜುಲೈ 13ರಂದು, ನಮ್ಮ ಬೀದರ ಜಿಲ್ಲೆಯ ಮುರ್ಕಿಯ ಬಳಿ, ಹೈದರಾಬಾದಿನ ಒಬ್ಬ ತರುಣನು ಅದೇ ವದಂತಿಗೆ ಬಲಿಯಾದನು. ಅದೇ ತಿಂಗಳು ಆ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿಯನ್ನು ಹಾಕಿತು.

ನಾವು ಈ ಪ್ರಸಂಗವನ್ನು ಇಲ್ಲಿ ಎತ್ತುವುದಕ್ಕೆ ಕಾರಣವುಂಟು. ಸತ್ತವರ ತಪ್ಪೇನು? ತಾವು ನಿಂತ ಊರಿಗೆ ಅವರು ಅಪರಿಚಿತರು, ಅಷ್ಟೇ. ಹೊಟ್ಟೆಪಾಡಿಗೆ ಊರು ಬಿಟ್ಟ ನಾವೆಲ್ಲರೂ ಒಂದಲ್ಲ ಒಂದು ಊರಿನಲ್ಲಿ ಅಪರಿಚಿತರೇ. ‘ಎಲ್ಲರಿಗೂ ಕಳಿಸಿರಿ’ ಎಂದು ಬಂದ ಸಂದೇಶವನ್ನು ಓದದೆ ಒತ್ತಿದವರಲ್ಲಿ ಯಾರೂ ಕೊಲೆಗಾರರಾಗಲು ಬಯಸಿರಲಿಲ್ಲ. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಅನೇಕರು ಒತ್ತಿರಬೇಕು. ಆ ಹದಿನೇಳು ಸಂದೇಶಗಳಲ್ಲಿ ನಾವು ಓದದೆ ಕಳಿಸಿದ ಹನ್ನೆರಡರಲ್ಲಿ ಏನಿತ್ತೆಂಬುದು ನಮಗೆ ಇಂದಿಗೂ ತಿಳಿಯದು. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತಿದೆ.

‘ಇಂಗ್ಲಿಷಿನಲ್ಲಿತ್ತು’ ಎಂಬ ನೆಪ

ಓದದೆ ಏಕೆ ಒತ್ತಿದಿರಿ ಎಂದು ಕೇಳಿದರೆ ಬಹುಮಂದಿ ಕೊಡುವ ಉತ್ತರ, “ಇಂಗ್ಲಿಷಿನಲ್ಲಿತ್ತು, ತಿಳಿಯಲಿಲ್ಲ” ಎಂಬುದು. ಒಂದು ಕಾಲದಲ್ಲಿ ಇದು ನೆಪವಾಗಿರಲಿಲ್ಲ, ನಿಜವಾಗಿತ್ತು. ಆದರೆ ಈ ಅಡ್ಡಿಯನ್ನು ನಿವಾರಿಸಲು ದುಡಿದವರಲ್ಲಿ ನಮ್ಮ ಈ ಊರಿನ ಪಾಲೂ ಇದೆಯೆಂಬುದನ್ನು ಎಷ್ಟು ಮಂದಿ ಬಲ್ಲರು? 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ ಪರಮ್ 8000 ಎಂಬ ಮಹಾಗಣಕವನ್ನು ಕಟ್ಟಿ ಹೆಸರಾಯಿತು. ಅದೇ ಸಂಸ್ಥೆಯು, ಕಾನ್ಪುರದ ಐಐಟಿಯಲ್ಲಿ ಮೊಳೆತ ಜಿಸ್ಟ್ ಎಂಬ ತಂತ್ರವನ್ನು ಬೆಳೆಸಿ, ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ಗಣಕದಲ್ಲಿ ಮೂಡುವಂತೆ ಮಾಡಿತು. ಇನ್ನೊಂದು ಕಡೆಯಿಂದ, ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಪದ್ಮನಾಭ ರಾಯರು, ಕೆ. ಪಿ. ರಾವ್ ಎಂದು ಪ್ರಸಿದ್ಧರಾದವರು, ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಸುಲಭವಾಗಿ ಒತ್ತಿ ಬರೆಯುವ ಕೀಲಿಮಣೆಯನ್ನು ರೂಪಿಸಿದರು. ಕರ್ನಾಟಕ ಸರಕಾರವು ಅಂಗೀಕರಿಸಿದ ‘ನುಡಿ’ಗೆ ಅದೇ ತಳಹದಿಯಾಯಿತು.

ಇವರೆಲ್ಲರ ಶ್ರಮದ ಫಲವಾಗಿ ಇಂದು ಸಾಧಾರಣ ಸ್ಮಾರ್ಟ್ ಫೋನಿನಲ್ಲಿಯೂ ‘ಭಾಷೆ’ ಎಂಬಲ್ಲಿಗೆ ಹೋಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಭೀಮ್ ಆ್ಯಪು ಕನ್ನಡದಲ್ಲಿಯೂ ಮಾತನಾಡುತ್ತದೆ. ಹೀಗಿದ್ದೂ ನಮ್ಮವರ ಫೋನುಗಳನ್ನು ತೆರೆದು ನೋಡಿದರೆ ಹೆಚ್ಚಿನವುಗಳಲ್ಲಿ ಅಂಗಡಿಯವನು ಇಟ್ಟುಕೊಟ್ಟ ಇಂಗ್ಲಿಷೇ ಇರುವುದು. ನಾವೂ ಆ ವಾರದ ಕೊನೆಯಲ್ಲಿಯೇ ನಮ್ಮ ಫೋನನ್ನು ಕನ್ನಡಕ್ಕೆ ತಿರುಗಿಸಿದೆವು. ಮೊದಲ ಎರಡು ದಿನ ತಡವರಿಸಿತು. ಮೂರನೆಯ ದಿನ, ಓದುತ್ತಿದ್ದೇವೆಂಬ ಅರಿವೇ ಇಲ್ಲದೆ ಓದುತ್ತಿದ್ದೆವು.

ಮಾಡಬೇಕಾದುದೇನು?

ಸರಕಾರವು 2017ರಲ್ಲಿ ಗ್ರಾಮಗಳಿಗಾಗಿ ಡಿಜಿಟಲ್ ಸಾಕ್ಷರತೆಯ ಅಭಿಯಾನವೊಂದನ್ನು ಆರಂಭಿಸಿ, ಕುಟುಂಬಕ್ಕೊಬ್ಬರಂತೆ, ಒಟ್ಟು ಇಪ್ಪತ್ತು ಗಂಟೆಗಳ ಪಾಠದಿಂದ, ಆರು ಕೋಟಿ ಕುಟುಂಬಗಳನ್ನು ಮುಟ್ಟುವ ಗುರಿಯಿಟ್ಟಿತು. 2024ರ ಮಾರ್ಚಿಗೆ ಅದು ಮುಗಿಯಿತು. ಆದರೆ ಊರಿನಲ್ಲಿ ಪಾಠ ನಡೆದಾಗ ಪುಣೆಯ ಹೋಟೆಲಿನ ಮಾಳಿಗೆಯಲ್ಲಿ ಮಲಗಿದ್ದವನಿಗೆ ಅದು ಎಟುಕುವಂತಿರಲಿಲ್ಲ. ಹಿಂದೆ ರಾತ್ರಿಶಾಲೆಗಳನ್ನು ನಾವೇ ಕಟ್ಟಿಕೊಂಡಂತೆ ಇದನ್ನೂ ನಾವೇ ಮಾಡಿಕೊಳ್ಳಬೇಕು.

ಇದಕ್ಕೆ ಕಟ್ಟಡ ಬೇಡ, ಚಂದಾ ಬೇಡ. ವಾರಕ್ಕೊಮ್ಮೆ, ಹೋಟೆಲು ಮುಚ್ಚಿದ ಮೇಲೆ, ಅರ್ಧ ಗಂಟೆ ಸಾಕು. ಗುಮಾಸ್ತರು ಹಿಂದೆ ಕಾಗದ ಓದಿ ಹೇಳಿದಂತೆ ಈಗ ಬ್ಯಾಂಕಿನ ಸಂದೇಶವನ್ನು ಓದಿ ವಿವರಿಸಲಿ. ಯಾವ ಗುಂಡಿ ಎಲ್ಲಿದೆಯೆಂಬುದನ್ನು ಗುಮಾಸ್ತರಿಗಿಂತ ಮಾಣಿಗಳೇ ಚೆನ್ನಾಗಿ ಬಲ್ಲರು. ಅದನ್ನು ಅವರು ಹಿರಿಯರಿಗೆ ಕಲಿಸಲಿ. ಪೊಲೀಸರೆಂದು ಹೇಳಿಕೊಂಡು ವಿಡಿಯೋದಲ್ಲಿ ಬೆದರಿಸುವವನ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲವೆಂಬುದನ್ನು ಎಲ್ಲರೂ ತಿಳಿದಿರಲಿ. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂದು ನೋಡಲೂ, ಕಳೆದ ಫೋನನ್ನು ತಡೆಹಿಡಿಸಲೂ 2023ರ ಮೇ ತಿಂಗಳಲ್ಲಿ ‘ಸಂಚಾರ ಸಾಥಿ’ ಎಂಬ ಸರಕಾರಿ ಸೌಕರ್ಯವು ಬಂದಿದೆ, ಅದನ್ನು ಬಳಸಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಗಲ್ಲೆಯ ಹಿಂದೆ, ತಿಂಡಿಯ ದರಪಟ್ಟಿಯ ಪಕ್ಕದಲ್ಲಿ, 1930 ಎಂಬ ಅಂಕೆಯನ್ನು ದಪ್ಪಕ್ಷರದಲ್ಲಿ ಬರೆದಿಡಿರಿ. ಮೋಸಹೋದ ಕೂಡಲೇ ಕರೆಮಾಡಬೇಕಾದ ಸರಕಾರದ ನಂಬರು ಅದು. ಅಲ್ಲಿ ದೂರು ದಾಖಲಾದೊಡನೆ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಕಳ್ಳನ ಖಾತೆಯಲ್ಲಿ ಹಣವು ಇನ್ನೂ ಇದ್ದರೆ ಅದನ್ನು ತಡೆಹಿಡಿಯುವ ಅವಕಾಶವುಂಟು. ಹಣವು ಮುಂದಿನ ಖಾತೆಗೆ, ಅಲ್ಲಿಂದ ಮತ್ತೊಂದಕ್ಕೆ ಹಾರಿದ ಮೇಲೆ ಹಿಡಿಯುವುದು ದುಸ್ತರ. ಇಲ್ಲಿ ಎಣಿಕೆಗೆ ಬರುವುದು ದಿನಗಳಲ್ಲ, ನಿಮಿಷಗಳು.

ಆ ಕುಂದಾಪುರದ ತರುಣನು ನಮಗೆ ಸಂಗತಿಯನ್ನು ಹೇಳುವಾಗ ಎರಡು ದಿನಗಳು ಕಳೆದುಹೋಗಿದ್ದುವು. ನಗುವರೆಂಬ ಅಂಜಿಕೆಯಿಂದ ಅವನು ಯಾರಿಗೂ ತಿಳಿಸಿರಲಿಲ್ಲ. ಅಂದು ರಾತ್ರಿಯೇ ಅವನ ಕೈಯಿಂದ 1930ಕ್ಕೆ ಕರೆಮಾಡಿಸಿ ದೂರು ಬರೆಸಿದೆವು. ಹಣವು ಇನ್ನೂ ಬಂದಿಲ್ಲ. ಬರುವುದೆಂಬ ಭರವಸೆಯನ್ನೂ ನಾವು ಕೊಡಲಾರೆವು. ಆ ತಿಂಗಳು ಅವನ ಊರಿಗೆ ಹೋದ ಹಣವನ್ನು ಜೊತೆಯವರು ತಲೆಗಿಷ್ಟರಂತೆ ಹಾಕಿ ಕೂಡಿಸಿದರು.

ಮೊನ್ನೆ ಅದೇ ಹೋಟೆಲಿಗೆ ಹೋದಾಗ ಅವನು ಊರಿಗೆ ಹಣ ಕಳಿಸುತ್ತಿದ್ದನು. ಫೋನನ್ನು ಕಣ್ಣೆದುರು ಹಿಡಿದು, ಪರದೆಯ ಮೇಲಿದ್ದ ಒಂದೊಂದು ಮಾತನ್ನೂ ಗಟ್ಟಿಯಾಗಿ ಓದುತ್ತಿದ್ದನು: ಯಾರಿಗೆ, ಎಷ್ಟು, ಯಾವ ಬ್ಯಾಂಕು. ಮೊದಮೊದಲು ಜೊತೆಯವರು ನಕ್ಕರಂತೆ. ಈಗ ಇನ್ನಿಬ್ಬರು ಹಾಗೆಯೇ ಓದುತ್ತಾರೆಂದು ಗಲ್ಲೆಯವರು ಹೇಳಿದರು. ಹಿಂದೆ ರಾತ್ರಿಶಾಲೆಯ ಹುಡುಗರು ಪಾಠವನ್ನು ಓದುತ್ತಿದ್ದುದೂ ಹೀಗೆಯೇ. ಓದಿ ಮುಗಿಸಿ, ತಾಯಿಯ ಹೆಸರು ಸರಿಯಾಗಿದೆಯೆಂದು ಕಂಡ ಮೇಲೆ, ಅವನು ಒತ್ತಿದನು.